ಬೋಟ್ ತಪ್ಪಿಸ್ಕೊಳ್ದೆ ವಾಸೋಟಾ ವೀಕೆಂಡ್: ಪುಣೆಯಿಂದ ಗ್ರೂಪ್ ಕರ್ಕೊಂಡು ಹೋಗೋವ್ರಿಗೆ ಸಮಗ್ರ ಮಾರ್ಗದರ್ಶಿ

ಕಳೆದ ಎರಡು ಚಳಿಗಾಲದಲ್ಲಿ ನಮ್ಮ ಪರಿಚಯದ ಮೂರು ಕನ್ನಡ ಟ್ರೆಕ್ಕಿಂಗ್ ಗ್ರೂಪ್‌ಗಳು ಸಾತಾರಾ ಜಿಲ್ಲೆಯ ವಾಸೋಟಾ ಗಡಕ್ಕೆ (ಬೆಟ್ಟದ ಮೇಲಿನ ಕೋಟೆ) ಅಂತ ಹೊರಟು ಗಡ ನೋಡ್ದೇನೇ ವಾಪಸ್ ಬಂದ್ವು. ಒಂದು ಗ್ರೂಪ್‌ಗೆ ಬೋಟ್ ಸಿಗ್ಲಿಲ್ಲ, ಇನ್ನೊಂದಕ್ಕೆ ಬೋಟ್ ಸಿಕ್ತು ಆದ್ರೆ ಆಚೆ ದಡ ಮುಟ್ಟೋಷ್ಟೊತ್ತಿಗೆ ಮಧ್ಯಾಹ್ನ ಆಗಿತ್ತು, ಮೂರನೇದು ಅರ್ಧ ಹತ್ತಿ ಕಾಲು ಉಳುಕಿಸ್ಕೊಂಡವ್ರನ್ನ ಹೊತ್ಕೊಂಡು ಇಳೀತು. ಮೂವರ ಕಥೆ ಕೇಳಿದ್ರೂ ಮೂಲದಲ್ಲಿ ತಪ್ಪು ಒಂದೇ, ಪುಣೆ ಹತ್ರದ ಸಿಂಹಗಡಕ್ಕೋ ರಾಜಗಡಕ್ಕೋ ಹೋದಹಾಗೆ ಹೊರಟಿದ್ರು.

ಸಿಂಹಗಡದಲ್ಲಿ ತಡ ಆದ್ರೆ ಕತ್ತಲಲ್ಲಿ ಟಾರ್ಚ್ ಹಿಡ್ಕೊಂಡು ಇಳೀಬಹುದು. ವಾಸೋಟಾ ಹಂಗಲ್ಲ. ಅದು ದ್ವೀಪ ಅಲ್ಲದಿದ್ರೂ ನಮ್ಮ ಕಡೆಯಿಂದ ಹೋಗೋವ್ರಿಗೆ ದ್ವೀಪದ ಲೆಕ್ಕಾನೇ, ಮುಂದೆ ಕೊಯ್ನಾ ಅಣೆಕಟ್ಟಿನ ಹಿನ್ನೀರು ಅಂದ್ರೆ ಶಿವಸಾಗರ, ಹಿಂದೆ ಕೊಂಕಣಕ್ಕೆ ಬೀಳೋ ಕಡಿದಾದ ಕಣಿವೆ, ಸುತ್ತ ಕೊಯ್ನಾ ಅಭಯಾರಣ್ಯ. ಗಡದ ಮೇಲೆ ರಾತ್ರಿ ಉಳಿಯೋಕೆ ಅನುಮತಿ ಇಲ್ಲ. ಹಂಗಾಗಿ ಇಡೀ ವೀಕೆಂಡ್ ನಡೆಯೋದು ವಾಪಸ್ ಬೋಟ್‌ನ ಗಡಿಯಾರದ ಮೇಲೆ, ಇದೊಂದನ್ನ ಗಟ್ಟಿ ಹಿಡ್ಕೊಂಡ್ರೆ ಕೆಳಗಿನ ಎಲ್ಲಾ ಹಂತಗಳೂ ತಾನಾಗೇ ಅರ್ಥ ಆಗತ್ತೆ.

## ಹಂತ 1: ತಿಂಗಳು ಆರಿಸೋದು

ಮಳೆಗಾಲದಲ್ಲಿ ಕಾಡು ಬಂದ್, ಆ ಆಸೆ ಬಿಟ್ಬಿಡಿ. ಮಳೆ ನಿಂತ ತಕ್ಷಣ ಅಕ್ಟೋಬರಲ್ಲಿ ಹೋದ್ರೆ ಹಸಿರು ಚೆನ್ನಾಗಿರತ್ತೆ ಆದ್ರೆ ಉಂಬಳ (ಜಿಗಣೆ) ಕಾಟ, ಮಲೆನಾಡಿನವ್ರಿಗೆ ಅದು ಹೊಸದಲ್ಲ, ಬಯಲುಸೀಮೆಯಿಂದ ಬಂದು ಪುಣೆಯ ಹಿಂಜೆವಾಡಿಯಲ್ಲಿ ಸೆಟ್ಲ್ ಆದವ್ರು ಮಾತ್ರ ಮೊದಲ ಉಂಬಳಕ್ಕೇ ಹೌಹಾರಿ ಓಡೋಕೆ ಶುರು ಮಾಡ್ತಾರೆ, ಅಲ್ಲೇ ಕಾಲು ಜಾರೋದು. ಇನ್ನೊಂದು ವಿಷಯ, ಸೆಪ್ಟೆಂಬರ್ ಅಕ್ಟೋಬರಲ್ಲಿ ಕಾಸ್ ಪಠಾರದ ಹೂವಿನ ಸೀಸನ್ನು, ನಮ್ಮ ದಾರಿ ಅದರ ಮೇಲೇ ಹೋಗೋದು, ಶನಿವಾರ ಭಾನುವಾರ ಅಲ್ಲಿ ಗಾಡಿ ಸಾಲು ನಿಂತ್ರೆ ನಿಮ್ಮ ಲೆಕ್ಕ ಎಲ್ಲಾ ಕೆಡತ್ತೆ.

ನನ್ನ ಆಯ್ಕೆ ನವೆಂಬರ್ ಮಧ್ಯದಿಂದ ಫೆಬ್ರವರಿ ಕೊನೆವರೆಗೆ. ಏಪ್ರಿಲ್ ಮೇನಲ್ಲಿ ಹಿನ್ನೀರು ಇಳಿದಿರತ್ತೆ, ಬೋಟ್ ದೂರದಲ್ಲೇ ನಿಲ್ಲತ್ತೆ, ಬಿಸಿಲಲ್ಲಿ ಬಿರುಕು ಬಿಟ್ಟ ಕೆಸರುನೆಲ ದಾಟಿ ನಡೀಬೇಕು, ಹತ್ತೋಕೆ ಮುಂಚೆನೇ ಅರ್ಧ ಜನ ಸುಸ್ತಾಗ್ತಾರೆ.

## ಹಂತ 2: ತಲೆ ಎಣಿಸೋದು

ಬೋಟ್ ಬಾಡಿಗೆ ತಲೆಗೆ ಇಷ್ಟು ಅಂತಲ್ಲ, ಬೋಟ್‌ಗೆ ಇಷ್ಟು ಅಂತ. ಒಂದು ಬೋಟಲ್ಲಿ ಎಷ್ಟು ಜನ ಅನ್ನೋದು ಬೋಟಿನ ಮೇಲೆ ಹೋಗತ್ತೆ. ನಮ್ಗೆ ಒಂದ್ಸಲ ಸಿಕ್ಕಿದ್ದು 12 ಜನರದ್ದು, ನಾವಿದ್ದದ್ದು 14. ಆ ಇಬ್ಬರಿಗೋಸ್ಕರ ಇನ್ನೊಂದು ಪೂರ್ತಿ ಬೋಟ್ ಮಾಡ್ಬೇಕಾಯ್ತು, ದುಡ್ಡಿನ ಚರ್ಚೆ ದಡದಲ್ಲೇ ಮುಕ್ಕಾಲು ಗಂಟೆ ನಡೀತು, ಆ ಮುಕ್ಕಾಲು ಗಂಟೆ ಗಡದ ಮೇಲೆ ಬಾಬುಕಡಾ ಅನ್ನೋ ಕಡಿದಾದ ಬಂಡೆಗೋಡೆ ನೋಡೋ ಟೈಮಿಂದ ಹೋಯ್ತು.

ಅದಕ್ಕೆ ಮೊದ್ಲೇ ಫೋನ್ ಮಾಡಿ ಬೋಟಿನ ಸಾಮರ್ಥ್ಯ ಕೇಳ್ಕೊಳಿ, ಅದಕ್ಕೆ ಸರಿಯಾಗಿ ಗ್ರೂಪ್ ಮುಚ್ಚಿ. ದುಡ್ಡು ಬುಧವಾರದೊಳಗೆ ಕಲೆಕ್ಟ್ ಆಗ್ಬೇಕು, ದುಡ್ಡು ಕೊಡದವ್ರ ಹೆಸರು ಲಿಸ್ಟಲ್ಲಿ ಬೇಡ. ಕಠಿಣ ಅನ್ಸತ್ತೆ, ಆದ್ರೆ 'ನೋಡೋಣ, ಟ್ರೈ ಮಾಡ್ತೀನಿ' ಅನ್ನೋವ್ರು ಶುಕ್ರವಾರ ರಾತ್ರಿ ಕೈಕೊಟ್ರೆ ಉಳಿದವ್ರ ಮೇಲೆ ಖರ್ಚು ಏರತ್ತೆ.

ಜನರನ್ನ ಆರಿಸೋದೂ ಇದೇ ಹಂತದ ಕೆಲಸ. ಯಾರಾದ್ರೂ ಮೊದಲ ಸಲ ಟ್ರೆಕ್ ಮಾಡೋವ್ರಿದ್ರೆ ಎರಡು ವಾರ ಮುಂಚೆ ಸಿಂಹಗಡ ಒಂದ್ಸಲ ಹತ್ತಿಸಿ ನೋಡಿ. ಅಲ್ಲಿ ನಾಲ್ಕು ಕಡೆ ಕೂತ್ಕೊಂಡು ಏದುಸಿರು ಬಿಡೋವ್ರಿಗೆ ವಾಸೋಟಾ ಮುಂದಿನ ವರ್ಷಕ್ಕೆ ಇರ್ಲಿ ಅಂತ ಪ್ರೀತಿಯಿಂದ್ಲೇ ಹೇಳಿ.

## ಹಂತ 3: ಟೈಮ್‌ಟೇಬಲ್ ಉಲ್ಟಾ ಬರೆಯೋದು

ಎಲ್ಲರೂ ತಪ್ಪೋದು ಇಲ್ಲೇ. ಬೆಳಿಗ್ಗೆ ಎಷ್ಟಕ್ಕೆ ಹೊರಡೋಣ ಅಂತ ಶುರು ಮಾಡ್ಬೇಡಿ. ಸಂಜೆಯಿಂದ ಶುರು ಮಾಡಿ ಹಿಂದಕ್ಕೆ ಬನ್ನಿ.

ಉದಾಹರಣೆಗೆ ನಾನು ಬರೆಯೋದು ಹೀಗೆ. ವಾಪಸ್ ಬೋಟ್ ಆಚೆ ದಡ ಬಿಡೋದು 4:30ಕ್ಕೆ ಅಂತ ಇಟ್ಕೊಳೋಣ. ಇಳಿಯೋಕೆ ಎರಡು ಗಂಟೆ, ಅದರ ಮೇಲೆ ಅರ್ಧ ಗಂಟೆ ಎಚ್ಚರಿಕೆಗೆ, ಅಂದ್ರೆ 2 ಗಂಟೆಗೆ ಇಳಿಯೋಕೆ ಶುರು. ಮೇಲೆ ಸುತ್ತಾಡಿ ಊಟ ಮಾಡೋಕೆ ಒಂದೂವರೆ ಗಂಟೆ, ಹಂಗಾದ್ರೆ 12:30ಕ್ಕೆ ಮೇಲಿರ್ಬೇಕು. ಹತ್ತೋಕೆ ನಿಮ್ಮ ಗ್ರೂಪಲ್ಲಿ ಅತಿ ನಿಧಾನ ನಡೆಯೋವ್ರ ಲೆಕ್ಕ ಹಾಕಿ, ಎರಡೂವರೆ ಗಂಟೆ ಹಿಡೀರಿ, ಆಗ 10ಕ್ಕೆ ಮೊದಲ ಹೆಜ್ಜೆ. ಆಚೆ ದಡದಲ್ಲಿ ಚೆಕಿಂಗ್‌ಗೆ ಅರ್ಧ ಗಂಟೆ, ಬೋಟ್ ಪ್ರಯಾಣ ಒಂದರಿಂದ ಒಂದೂವರೆ ಗಂಟೆ, ಅಂದ್ರೆ ಬೋಟ್ ಹತ್ತೋ ಊರು ಬಾಮಣೋಲಿಯ ದಡ ಬಿಡೋದು 8 ಗಂಟೆಗೆ. ಅದಕ್ಕೂ ಮುಂಚೆ ಪರ್ಮಿಟ್ಟು ರಸೀದಿ ಇತ್ಯಾದಿ, 7ಕ್ಕೆ ಕೌಂಟರ್ ಮುಂದೆ ನಿಂತಿರ್ಬೇಕು. ಏಳೋದು 5:30ಕ್ಕೆ.

ಈಗ ಯೋಚ್ನೆ ಮಾಡಿ, ಪುಣೆಯಿಂದ ಬಾಮಣೋಲಿ ಹತ್ತಿರತ್ರ 150 ಕಿಲೋಮೀಟರ್, ಕೊನೆ ಭಾಗ ಘಾಟ್ ರಸ್ತೆ. ಭಾನುವಾರ ಬೆಳಿಗ್ಗೆ ಮನೆಯಿಂದ ಹೊರಟು 7ಕ್ಕೆ ಅಲ್ಲಿರ್ಬೇಕಂದ್ರೆ ನಡುರಾತ್ರಿ ಗಾಡಿ ಓಡಿಸ್ಬೇಕು. ನಿದ್ದೆಗೆಟ್ಟ ಡ್ರೈವರ್, ನಿದ್ದೆಗೆಟ್ಟ ಟ್ರೆಕ್ಕರ್ಸ್, ಇದು ಬೇಡ. ಶನಿವಾರವೇ ಹೋಗಿ ಬಾಮಣೋಲಿಯಲ್ಲಿ ಉಳೀಬೇಕು ಅನ್ನೋದು ಇದೇ ಕಾರಣಕ್ಕೆ, ಕ್ಯಾಂಪ್‌ಫೈರ್ ಫೋಟೋಗೆ ಅಲ್ಲ. ಮುಂಬೈಯವ್ರಿಗಂತೂ ಬೇರೆ ದಾರೀನೇ ಇಲ್ಲ.

## ಹಂತ 4: ಕಾಗದ, ಕ್ಯಾಶ್, ಫೋನ್

ಅರಣ್ಯ ಇಲಾಖೆ ಪರ್ಮಿಟ್ ಇಲ್ದೆ ಬೋಟ್ ಹೊರಡಲ್ಲ. ಎಲ್ಲರ ಹೆಸರು, ವಯಸ್ಸು, ಫೋನ್ ನಂಬರ್ ಬರೆದ ಒಂದೇ ಹಾಳೆ ಮರಾಠಿಯಲ್ಲೋ ಇಂಗ್ಲಿಷಲ್ಲೋ ರೆಡಿ ಇರ್ಲಿ, ಎರಡು ಪ್ರತಿ, ಜೊತೆಗೆ ಎಲ್ಲರ ಐಡಿ ಝೆರಾಕ್ಸ್. ಹನ್ನೆರಡು ಜನ ಅಲ್ಲಿ ನಿಂತು ಒಬ್ಬೊಬ್ಬರೇ ಹೆಸರು ಹೇಳಿ ಬರೆಸೋಷ್ಟೊತ್ತಿಗೆ ಹಿಂದಿನ ಗ್ರೂಪ್ ಬೋಟ್ ಹತ್ತಿರತ್ತೆ. ಶುಲ್ಕ, ಬೋಟ್ ದರ, ಯಾವ ದಿನ ಬಂದ್ ಅನ್ನೋದನ್ನ ಆ ವಾರದಲ್ಲೇ ಫೋನ್ ಮಾಡಿ ಕೇಳಿ, ಹೋದ ವರ್ಷದವ್ರು ಹೇಳಿದ ರೇಟ್ ನಂಬ್ಕೊಂಡು ಹೋಗ್ಬೇಡಿ.

ಕ್ಯಾಶ್ ತಗೊಳ್ಳಿ, ಚಿಲ್ಲರೆ ನೋಟಲ್ಲಿ. ಕಾಸ್ ದಾಟಿದ್ಮೇಲೆ ನೆಟ್‌ವರ್ಕ್ ಬಂದ್ರೆ ಬಂತು ಇಲ್ದಿದ್ರೆ ಇಲ್ಲ, ಯುಪಿಐ ಸ್ಕ್ಯಾನ್ ಮಾಡಿ ಚಕ್ರ ತಿರುಗ್ತಾ ಇರೋದನ್ನ ನೋಡ್ತಾ ನಿಲ್ಲೋ ಪರಿಸ್ಥಿತಿ ಬರ್ಬಾರ್ದು. ಮ್ಯಾಪ್ ಮನೇಲೇ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಳಿ. ಊರಲ್ಲಿ ಉಳಿದ ಒಬ್ಬರಿಗೆ ಲಿಸ್ಟಿನ ಫೋಟೋ ಕಳಿಸಿ, 'ಭಾನುವಾರ ರಾತ್ರಿ 8ರೊಳಗೆ ಸಾತಾರಾದಿಂದ ಫೋನ್ ಬರದಿದ್ರೆ ವಿಚಾರಿಸು' ಅಂತ ಹೇಳಿಡಿ.

## ಹಂತ 5: ಬ್ಯಾಗಲ್ಲಿ ಏನು, ಏನು ಬೇಡ

ಹತ್ತೋ ದಿನದ ಬ್ಯಾಗ್ ಸಣ್ಣದಿರ್ಲಿ. ತಲೆಗೆ 3 ಲೀಟರ್ ನೀರು, ಇದರಲ್ಲಿ ರಿಯಾಯಿತಿ ಇಲ್ಲ. ಮೇಲೆ ನೀರಿನ ಟಾಕಿಗಳಿವೆ ಆದ್ರೆ ಕುಡಿಯೋಕೆ ಅದನ್ನ ನಂಬ್ಬೇಡಿ. ಗ್ರಿಪ್ ಇರೋ ಹಳೇ ಶೂ, ಹೊಸ ಶೂ ಆ ದಿನವೇ ಮೊದಲ ಸಲ ಹಾಕಿದವ್ರ ಹಿಮ್ಮಡಿ ಇಳಿಯೋವಾಗ ಗುಳ್ಳೆ ಎದ್ದಿರತ್ತೆ. ಹಗಲು ಟ್ರೆಕ್ಕೇ ಆದ್ರೂ ತಲೆಗೊಂದು ಟಾರ್ಚ್. ಇಡೀ ಗ್ರೂಪ್‌ಗೆ ಒಂದು ಫಸ್ಟ್ ಏಡ್, ಅದರಲ್ಲಿ ಎರಡು ಕ್ರೇಪ್ ಬ್ಯಾಂಡೇಜ್, ಓಆರ್‌ಎಸ್ ಪ್ಯಾಕೆಟ್ ತಲೆಗೆ ಎರಡರಂತೆ, ಒಂದು ಸೀಟಿ. ಉಂಬಳಕ್ಕೆ ಉಪ್ಪಿನ ಪುಡಿ ಕಟ್ಟಿದ ಸಣ್ಣ ಬಟ್ಟೆಗಂಟು, ಅಜ್ಜಿ ಕಾಲದ ಉಪಾಯ, ಇವತ್ತಿಗೂ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡೋದು ನಾನಂತೂ ನೋಡಿಲ್ಲ.

ಊಟಕ್ಕೆ ನಮ್ಮ ಉತ್ತರ ಕರ್ನಾಟಕದವ್ರು ತರೋದೇ ಬೆಸ್ಟು. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ. ಎರಡು ದಿನ ಕೆಡಲ್ಲ, ಸೋರಲ್ಲ, ಬಿಸಿ ಮಾಡೋ ಗೋಜಿಲ್ಲ. ಹೋದ ಸಲ ಯಾರೋ ಪ್ರೀತಿಯಿಂದ ಮೊಸರನ್ನ ತಂದಿದ್ರು, 12 ಗಂಟೆಗೆ ಡಬ್ಬಿ ತೆಗೆದ್ರೆ ಹುಳಿ ವಾಸನೆ. ಚಿತ್ರಾನ್ನಾನೂ ಬೆಳಗಿನ ತಿಂಡಿಗೆ ಮಾತ್ರ ಇಟ್ಕೊಳಿ.

ಪ್ಲಾಸ್ಟಿಕ್ ಬಗ್ಗೆ: ಆಚೆ ದಡದಲ್ಲಿ ಬ್ಯಾಗ್ ತೆಗೆಸಿ ಪ್ಲಾಸ್ಟಿಕ್ ಐಟಂ ಲೆಕ್ಕ ಹಾಕ್ಕೋತಾರೆ, ವಾಪಸ್ ಬರೋವಾಗ ಅಷ್ಟೇ ತೋರಿಸ್ಬೇಕು. ಬಿಸ್ಕೆಟ್ ಪ್ಯಾಕೆಟ್ಟು, ಚಿಪ್ಸು ಎಲ್ಲಾ ಮನೇಲೇ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿದ್ರೆ ಚೆಕಿಂಗ್ ಐದು ನಿಮಿಷದಲ್ಲಿ ಮುಗಿಯತ್ತೆ. ಇದು ಬರೀ ರೂಲ್ಸ್ ಪಾಲನೆ ಮಾತಲ್ಲ. ಪ್ರತಿ ಮಳೆಗಾಲ 'ಕೊಯ್ನಾದಿಂದ ನೀರು ಬಿಟ್ರು' ಅಂತ ನ್ಯೂಸಲ್ಲಿ ಕೇಳಿ ಚಿಕ್ಕೋಡಿ, ಜಮಖಂಡಿ ಕಡೆ ನಮ್ಮವ್ರು ಎದ್ದು ಕೂರ್ತಾರಲ್ಲ, ಆ ಕೊಯ್ನಾ ಇದೇ. ಕರಾಡದಲ್ಲಿ ಕೃಷ್ಣೆಗೆ ಸೇರಿ ನಮ್ಮೂರಿಗೇ ಹರಿಯೋ ನದಿಗೆ ನಾವೇ ಕವರ್ ಎಸೀಬೇಕಾ.

ಸ್ಪೀಕರ್, ಎಣ್ಣೆ, ಸಿಗರೇಟು ಯಾವ್ದೂ ಬೇಡ. ಒಣಕಾಡಲ್ಲಿ ಒಂದು ಕಿಡಿ ಸಾಕು.

## ಹಂತ 6: ಶನಿವಾರ, ದಾರಿ ಮತ್ತು ವಸತಿ

ಪುಣೆಯ ಸ್ವಾರಗೇಟಿಂದ ಬೆಳಿಗ್ಗೆ 7ಕ್ಕೆ ಹೊರಡಿ. ಖಂಬಾಟ್ಕಿ ಘಾಟ್ ಹತ್ರ ವೀಕೆಂಡ್ ಟ್ರಾಫಿಕ್ ಇದ್ದೇ ಇರತ್ತೆ. ಸಾತಾರಾ ಸುಮಾರು 110 ಕಿಲೋಮೀಟರ್, ಅಲ್ಲೇ ಪೆಟ್ರೋಲ್ ತುಂಬಿಸಿ, ಅಲ್ಲೇ ಎಟಿಎಂ, ಅಲ್ಲೇ ಔಷಧಿ ಅಂಗಡಿ, ಮುಂದೆ ಯಾವ್ದನ್ನೂ ನಂಬ್ಕೊಬೇಡಿ. ಅಲ್ಲಿಂದ ಕಾಸ್ ಸುಮಾರು 25, ಆಮೇಲೆ ಇಳಿಜಾರಲ್ಲಿ ಬಾಮಣೋಲಿ. ಗಾಡಿ ಇಲ್ದವ್ರಿಗೆ ಸಾತಾರಾ ಸ್ಟ್ಯಾಂಡಿಂದ ಎಸ್ಟಿ (ಸರ್ಕಾರಿ) ಬಸ್ ಇದೆ, ಆದ್ರೆ ಕಮ್ಮಿ, ಹತ್ತು ಜನ ಇದ್ರೆ ಸಾತಾರಾದಲ್ಲೇ ಜೀಪ್ ಮಾತಾಡ್ಕೊಳೋದು ವಾಸಿ.

ಮಧ್ಯಾಹ್ನ 3ರೊಳಗೆ ಬಾಮಣೋಲಿ ತಲುಪೋ ಗುರಿ ಇರ್ಲಿ. ಬ್ಯಾಗ್ ಇಳಿಸೋಕೂ ಮುಂಚೆ ಲೀಡರ್ ಮಾಡ್ಬೇಕಾದ ಕೆಲಸ ಬೋಟ್ ಕ್ಲಬ್ ಹತ್ರ ಮತ್ತು ಅರಣ್ಯ ಇಲಾಖೆ ಆಫೀಸಿಗೆ ಹೋಗಿ ನಾಳೆ ಬೆಳಿಗ್ಗೆದು ಖಾತ್ರಿ ಮಾಡ್ಕೊಳೋದು, ಎಷ್ಟಕ್ಕೆ ತೆಗೀತಾರೆ, ನಮ್ಮ ನಂಬರ್ ಎಷ್ಟನೇದು, ವಾಪಸ್ ಎಷ್ಟಕ್ಕೆ. ಫೋನಲ್ಲಿ ಮಾತಾಡಿದ್ದು ಬೇರೆ, ಮುಖ ನೋಡಿ ಮಾತಾಡೋದು ಬೇರೆ. ನಿಮ್ಮಲ್ಲಿ ಮರಾಠಿ ಚೆನ್ನಾಗಿ ಬರೋವ್ರನ್ನೇ ಕಳಿಸಿ, ಹಿಂದಿಯಲ್ಲಿ ಕೇಳಿದ್ರೂ ಉತ್ತರ ಸಿಗತ್ತೆ ಆದ್ರೆ ಮರಾಠಿಯಲ್ಲಿ ಕೇಳಿದ್ರೆ ಜೊತೆಗೆ ನಾಲ್ಕು ಒಳ್ಳೆ ಸಲಹೆನೂ ಸಿಗತ್ತೆ.

ಉಳಿಯೋಕೆ ಹಳ್ಳಿ ಮನೆಗಳಿವೆ, ದಡದ ಟೆಂಟ್‌ಗಳಿವೆ. ಡಿಸೆಂಬರ್ ಜನವರಿಯಲ್ಲಿ ನನ್ನ ಓಟು ಮನೆಗೆ, ನೀರಿನ ಪಕ್ಕ ಟೆಂಟಲ್ಲಿ ರಾತ್ರಿ ಇಬ್ಬನಿ ಬಿದ್ದು ಬಟ್ಟೆ ಶೂ ಎಲ್ಲಾ ಒದ್ದೆ ಆಗತ್ತೆ. ರಾತ್ರಿ ಊಟಕ್ಕೆ ಪಿಠ್ಲಾ ಭಾಕ್ರಿ ಹೇಳಿಟ್ರೆ ನಮ್ಮ ಜುಣಕಾ ರೊಟ್ಟಿ ತಿಂದಷ್ಟೇ ಸಮಾಧಾನ. ಬೆಳಗಿನ ತಿಂಡಿ 6ಕ್ಕೆ ಬೇಕು ಅಂತ ರಾತ್ರಿನೇ ಹೇಳಿ, ಬೆಳಿಗ್ಗೆ ಹೇಳಿದ್ರೆ 8 ಆಗತ್ತೆ, ತಪ್ಪು ಅವರದ್ದಲ್ಲ.

ಸಂಜೆ ಹಿನ್ನೀರಲ್ಲಿ ಈಜೋಕೆ ಇಳೀಬೇಡಿ. ದಡ ನೋಡೋಕೆ ಸಪಾಟಾಗಿ ಕಾಣತ್ತೆ, ಆದ್ರೆ ಇದು ಮುಳುಗಿದ ಕಣಿವೆ, ನಾಲ್ಕು ಹೆಜ್ಜೆಗೆ ನೆಲ ಕೈಬಿಡ್ಬಹುದು, ಕೆಳಗೆ ಹೂಳು. ಕಾವೇರಿ ಹೊಳೆಯಲ್ಲಿ ಈಜು ಕಲ್ತವ್ರು ನಾವು ಅನ್ನೋ ಧೈರ್ಯ ಇಲ್ಲಿ ಲೆಕ್ಕಕ್ಕೆ ಬರಲ್ಲ. 10 ಗಂಟೆಗೆ ಎಲ್ಲರೂ ಮಲಗ್ಬೇಕು, ಅಂತ್ಯಾಕ್ಷರಿ ವಾಪಸ್ ಬರೋವಾಗ ಬೋಟಲ್ಲಿ ಆಡೋಣ.

## ಹಂತ 7: ಬೋಟ್

ಲೈಫ್ ಜಾಕೆಟ್ ಹಾಕಿ, ಬಕಲ್ ಎಳೆದು ನೋಡಿ. ಬೋಟಲ್ಲಿ ಎಲ್ಲರೂ ಒಂದೇ ಕಡೆಗೆ ಫೋಟೋಗೆ ಎದ್ದು ನಿಲ್ಬಾರ್ದು. ಬೆಳಗಿನ ಗಾಳಿ ಕೊರೆಯತ್ತೆ, ಜಾಕೆಟ್ ಕೈಗೆ ಸಿಗೋ ಹಂಗಿರ್ಲಿ.

ಇಳಿಯೋಕೆ ಮುಂಚೆ ಬೋಟಿನವ್ರ ಹತ್ರ ವಾಪಸ್ ಟೈಮ್ ಎಲ್ಲರ ಎದುರಿಗೇ ಕೇಳಿ, ಲೀಡರ್ ಒಬ್ಬರೇ ಕೇಳ್ಕೊಂಡ್ರೆ ಸಾಲ್ದು. 'ಅಂಧಾರಾಚ್ಯಾ ಆಧೀ ಪರತ್ ಯಾ' ಅಂತ ಅವ್ರು ಹೇಳ್ತಾರೆ, ಕತ್ತಲಾಗೋಕೆ ಮುಂಚೆ ಬನ್ನಿ ಅಂತ. ಅದನ್ನ ಗಂಟೆ ನಿಮಿಷದ ಲೆಕ್ಕದಲ್ಲಿ ಮತ್ತೆ ಕೇಳಿ. ಬೋಟಿನ ನಂಬರ್ ಫೋಟೋ ತೆಗೀರಿ, ಸಂಜೆ ದಡದಲ್ಲಿ ಹತ್ತು ಬೋಟ್ ಒಂದೇ ಥರ ಕಾಣತ್ತೆ.

## ಹಂತ 8: ಹತ್ತೋದು

ಆಚೆ ಕಡೆಯ ಮೇಟ್ ಇಂದವಲಿ ದಡದಲ್ಲಿ ಚೆಕಿಂಗ್ ಮುಗಿಸಿ ಸ್ವಲ್ಪ ನಡೆದ್ರೆ ಮಾರುತಿ ವಿಗ್ರಹ, ಪಕ್ಕದಲ್ಲಿ ಹಳ್ಳ. ಅಲ್ಲಿ ಒಂದ್ಸಲ ಎಲ್ಲರನ್ನ ನಿಲ್ಲಿಸಿ ತಲೆ ಎಣಿಸಿ. ಅಲ್ಲಿಂದ ಮುಂದೆ ದಟ್ಟ ಕಾಡು, ಏರು ಬಿಡಲ್ಲ.

ಮುಂದೆ ಒಬ್ಬರು, ಕೊನೆಗೆ ಒಬ್ಬರು ಅಂತ ಗೊತ್ತು ಮಾಡಿ. ಮುಂದಿನವ್ರನ್ನ ಯಾರೂ ದಾಟ್ಬಾರ್ದು, ಕೊನೆಯವ್ರ ಹಿಂದೆ ಯಾರೂ ಉಳೀಬಾರ್ದು. ಮುಂದೆ ಇರೋವ್ರು ಅತಿ ಜೋರಾಗಿ ನಡೆಯೋವ್ರಾಗಿರ್ಬಾರ್ದು, ಇದನ್ನ ನಾನು ಬಹಳ ತಡವಾಗಿ ಕಲ್ತೆ. ಮೊದಲ ಇಪ್ಪತ್ತು ನಿಮಿಷ ಮಾತಾಡ್ಕೊಂಡು ನಡೆಯೋಕೆ ಆಗೋ ಸ್ಪೀಡ್ ಸಾಕು, ಮಾತಾಡೋಕೆ ಉಸಿರು ಸಾಲ್ದಿದ್ರೆ ಸ್ಪೀಡ್ ಹೆಚ್ಚಾಯ್ತು ಅಂತ ಅರ್ಥ. ಅರ್ಧ ಗಂಟೆಗೊಂದ್ಸಲ ಐದು ನಿಮಿಷ ನಿಲ್ಲಿ, ಬಾಯಾರ್ದಿದ್ರೂ ನೀರು ಕುಡೀರಿ.

ಮೇಲೆ ಹೋಗ್ತಾ ಒಂದು ಕವಲು ಬರತ್ತೆ, ಒಂದು ದಾರಿ ನಾಗೇಶ್ವರ ಗುಹೆ ಕಡೆ, ಇನ್ನೊಂದು ಗಡಕ್ಕೆ. ಇಲ್ಲಿ ಮತ್ತೆ ಎಲ್ಲರೂ ಸೇರೋವರೆಗೆ ನಿಲ್ಲಿ. ಗ್ರೂಪ್ ಒಡೆಯೋದು ಈ ಜಾಗದಲ್ಲೇ, ನಾಲ್ಕು ಜನ ಉತ್ಸಾಹದಲ್ಲಿ ನಾಗೇಶ್ವರಕ್ಕೆ ಹೋಗ್ಬಿಡ್ತಾರೆ, ಉಳಿದವ್ರು ಗಡಕ್ಕೆ, ಸಂಜೆ ಬೋಟ್ ಹತ್ರ ಅವ್ರಿಗಾಗಿ ಇವ್ರು ಕಾಯೋದು. ಒಂದು ದಿನದಲ್ಲಿ ಎರಡೂ ಆಗತ್ತಾ ಅಂತ ಕೇಳ್ತಾರೆ. ಚುರುಕಾಗಿರೋ ಆರು ಜನಕ್ಕೆ ಆಗ್ಬಹುದು, ಹನ್ನೆರಡು ಜನರ ಮಿಶ್ರ ಗ್ರೂಪ್‌ಗೆ ನಾನು ಬೇಡ ಅಂತೀನಿ.

ಇದು ಸಹ್ಯಾದ್ರಿ ಹುಲಿ ಸಂರಕ್ಷಿತ ಪ್ರದೇಶದ ಭಾಗ, ಕಾಟಿ (ಕಾಡುಕೋಣ), ಕರಡಿ, ಚಿರತೆ ಇರೋ ಕಾಡು. ಭಯ ಬೇಡ, ಶಿಸ್ತು ಬೇಕು. ಸಾಧಾರಣ ದನಿಯಲ್ಲಿ ಮಾತಾಡ್ತಾ ಒಟ್ಟಿಗೆ ನಡೀರಿ, ತಿರುವಲ್ಲಿ ದಿಢೀರಂತ ಎದುರಾಗೋದು ತಪ್ಪತ್ತೆ. ಕಾಟಿ ಕಂಡ್ರೆ ನಿಂತ್ಬಿಡಿ, ಅದಕ್ಕೆ ದಾರಿ ಬಿಡಿ, ಸೆಲ್ಫಿಗೆ ಹತ್ರ ಹೋಗ್ಬೇಡಿ. ಬಂಡೆ, ಬಿದ್ದ ಮರ ಇವುಗಳ ಮೇಲೆ ಕೈ ಇಡೋಕೆ ಮುಂಚೆ ನೋಡಿ, ಹಾವಿರ್ಬಹುದು. ಬಹಿರ್ದೆಸೆಗೆ ಹೋಗೋವ್ರು ಹಳ್ಳದಿಂದ ದೂರ ಹೋಗಿ, ಗುಂಡಿ ತೋಡಿ ಮುಚ್ಚಿ, ಒಬ್ಬರಿಗೆ ಹೇಳಿ ಹೋಗಿ.

## ಹಂತ 9: ಮೇಲೆ, ಮತ್ತು ತಿರುಗೋ ಟೈಮ್

2 ಗಂಟೆ ಅಂತ ಬರೆದಿದ್ವಲ್ಲ, ಅದು ಮೇಲೆ ತಲುಪಿದ್ರೂ ಸರಿ ತಲುಪದಿದ್ರೂ ಸರಿ ತಿರುಗೋ ಟೈಮ್. 1:50ಕ್ಕೆ ಇನ್ನೂ ಹತ್ತು ನಿಮಿಷದ ದಾರಿ ಅಂತ ಎದುರು ಬರೋವ್ರು ಹೇಳಿದ್ರೂ ತಿರುಗಿ. ಎದುರು ಬರೋವ್ರ 'ಹತ್ತು ನಿಮಿಷ' ಯಾವತ್ತೂ ಹತ್ತು ನಿಮಿಷ ಆಗಿಲ್ಲ. ಒಂದ್ಸಲ ಇಬ್ಬರು ಸುಸ್ತಾಗಿದ್ರು ಅಂತ ನಾನು ಇಡೀ ಗ್ರೂಪನ್ನ ಗಡದ ಕೆಳಗಿಂದ್ಲೇ ತಿರುಗಿಸ್ದೆ, ಎರಡು ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡ್ಲಿಲ್ಲ, ಆದ್ರೂ ಇವತ್ತೂ ಅದೇ ಮಾಡ್ತೀನಿ.

ಮೇಲೆ ಸೂರಿಲ್ಲದ ಮಾರುತಿ ಗುಡಿ, ಟಾಕಿಗಳು, ಮಹಾದೇವನ ಗುಡಿ, ಆಮೇಲೆ ಬಾಬುಕಡಾ. ಕುದುರೆ ಲಾಳದ ಆಕಾರದ ಆ ಕಡಿದಾದ ಗೋಡೆ ಎದುರಿಗೆ ನಿಂತಾಗ ಅಂಚಿಂದ ಮೂರು ಮಾರು ದೂರ ಇರಿ, ಒಣಹುಲ್ಲು ಅಲ್ಲಿ ಎಣ್ಣೆ ಹಚ್ಚಿದ ಹಾಗೆ ಜಾರತ್ತೆ. ಎದುರಿನ ಜೂನಾ (ಹಳೇ) ವಾಸೋಟಾಗೆ ಹೋಗೋ ಯೋಚ್ನೆ ಬೇಡ, ದಾರಿ ಕಾಡಲ್ಲಿ ಮುಚ್ಚಿದೆ. ಊಟ ಮಾಡಿದ ಜಾಗದಲ್ಲಿ ಕಿತ್ತಳೆ ಸಿಪ್ಪೆ ಕೂಡ ಬಿಡ್ಬೇಡಿ.

## ಹಂತ 10: ಇಳಿಯೋದು, ಎಚ್ಚರಿಕೆಯ ಲಕ್ಷಣಗಳು

ಕಾಲು ಉಳುಕೋದು ಹತ್ತೋವಾಗ ಕಮ್ಮಿ, ಇಳಿಯೋವಾಗಲೇ ಹೆಚ್ಚು. ಮಂಡಿ ಸ್ವಲ್ಪ ಬಗ್ಗಿಸಿ, ಸಣ್ಣ ಹೆಜ್ಜೆ, ಒಣ ಎಲೆ ಮೇಲೆ ಪೂರ್ತಿ ಪಾದ ಊರಿ. ಓಡೋವ್ರನ್ನ ನಿಲ್ಲಿಸಿ.

ಯಾರಾದ್ರೂ ಇದ್ದಕ್ಕಿದ್ದ ಹಾಗೆ ಮಾತು ನಿಲ್ಸಿದ್ರೆ, ತಲೆನೋವು ಅಂದ್ರೆ, ವಾಕರಿಕೆ ಬಂದ್ರೆ, ತಡವರಿಸಿ ಹೆಜ್ಜೆ ಇಡ್ತಿದ್ರೆ ಅದು ಬಿಸಿಲು ಮತ್ತು ನೀರಿನ ಕೊರತೆ ಲಕ್ಷಣ. ನೆರಳಲ್ಲಿ ಕೂರಿಸಿ, ಶೂ ಸಡಿಲ ಮಾಡಿ, ಓಆರ್‌ಎಸ್ ಗುಟುಕು ಗುಟುಕಾಗಿ ಕೊಡಿ, ಕುತ್ತಿಗೆಗೆ ಒದ್ದೆ ಬಟ್ಟೆ. ಮಾತು ಅಸ್ತವ್ಯಸ್ತ ಆದ್ರೆ, ಪ್ರಜ್ಞೆ ತಪ್ಪೋ ಹಂಗಾದ್ರೆ ತುರ್ತು ಪರಿಸ್ಥಿತಿ, ಬಾಯಿಗೆ ಏನೂ ಹಾಕ್ದೆ ಮೈಮೇಲೆ ನೀರು ಹಾಕಿ ತಣ್ಣಗೆ ಮಾಡ್ತಾ ಇರಿ, ಇಬ್ಬರು ಕೆಳಗೆ ಅರಣ್ಯ ಸಿಬ್ಬಂದಿ ಹತ್ರ ಹೋಗ್ಲಿ. ಕಾಲು ಉಳುಕಿದ್ರೆ ಶೂ ಮೇಲೇ ಕ್ರೇಪ್ ಬ್ಯಾಂಡೇಜ್ ಸುತ್ತಿ, ಇಬ್ಬರ ಆಸರೆ ಕೊಡಿ, ಅವರ ಬ್ಯಾಗ್ ಹಂಚ್ಕೊಳಿ. ನೆನಪಿರ್ಲಿ, ಇಲ್ಲಿಂದ ದೊಡ್ಡ ಆಸ್ಪತ್ರೆ ಅಂದ್ರೆ ಸಾತಾರಾ, ಕಾಡು ಇಳಿದು, ಬೋಟ್ ದಾಟಿ, ಘಾಟ್ ಹತ್ತಿ ಹೋಗೋಷ್ಟೊತ್ತಿಗೆ ನಾಲ್ಕೈದು ಗಂಟೆ ಹಿಡಿಯತ್ತೆ. ನೆಟ್‌ವರ್ಕ್ ಸಿಕ್ಕ ಕೂಡ್ಲೇ 108ಕ್ಕೆ ಫೋನ್ ಮಾಡಿ ಆಂಬ್ಯುಲೆನ್ಸ್ ಬಾಮಣೋಲಿಗೆ ಬರೋಕೆ ಹೇಳಿ.

ಡಿಸೆಂಬರಲ್ಲಿ ಸೂರ್ಯ 6 ಗಂಟೆ ಆಸುಪಾಸಿಗೆ ಮುಳುಗತ್ತೆ, ಕಾಡೊಳಗೆ ಅದಕ್ಕೂ ಮುಂಚೆ ಮಸುಕಾಗತ್ತೆ.

## ಹಂತ 11: ವಾಪಸ್

ದಡದಲ್ಲಿ ಮೊದಲು ತಲೆ ಎಣಿಸಿ, ಆಮೇಲೆ ಪ್ಲಾಸ್ಟಿಕ್ ಲೆಕ್ಕ ಕೊಡಿ, ಆಮೇಲೆ ಬೋಟ್. ಬೋಟಲ್ಲಿ ಕೂತಾಗ ಎಲ್ಲರೂ ಕಾಲು, ಸಾಕ್ಸ್ ಒಳಗೆ, ಸೊಂಟದ ಹತ್ರ ಉಂಬಳ ಉಣ್ಣೆ ನೋಡ್ಕೊಳಿ.

ಘಾಟ್ ರಸ್ತೆ ಕತ್ತಲಲ್ಲಿ ದಾಟೋದು ಅನಿವಾರ್ಯ ಆಗತ್ತೆ, ಅದಕ್ಕೆ ಸಾಧ್ಯ ಆದ್ರೆ ಹತ್ತದೇ ಉಳಿದ ಡ್ರೈವರ್ ಒಬ್ಬರು ಇರ್ಲಿ, ಇಲ್ದಿದ್ರೆ ಬಾಡಿಗೆ ಗಾಡಿ ಮಾಡ್ಕೊಳಿ, ಆ ದುಡ್ಡು ದಂಡ ಅಲ್ಲ. ಸಾತಾರಾದಲ್ಲಿ ಅರ್ಧ ಗಂಟೆ ನಿಲ್ಲಿ, ಚಹಾ ಕುಡೀರಿ, ಊರಲ್ಲಿ ಕಾಯ್ತಿರೋವ್ರಿಗೆ ಫೋನ್ ಮಾಡಿ, ಲೆಕ್ಕ ಅಲ್ಲೇ ಮುಗಿಸಿ. ಪುಣೆಗೆ ಬಂದ್ಮೇಲೆ ಪ್ರತಿಯೊಬ್ಬರೂ ಮನೆ ತಲುಪಿದ ತಕ್ಷಣ ಗ್ರೂಪಲ್ಲಿ 'ತಲುಪಿದೆ' ಅಂತ ಒಂದು ಮೆಸೇಜ್ ಹಾಕ್ಲಿ, ಹನ್ನೆರಡನೇ ಮೆಸೇಜ್ ಬರೋವರೆಗೆ ಲೀಡರ್ ಮಲಗೋ ಹಂಗಿಲ್ಲ.